ಸರ್ಪಸುತ್ತು, ಕೆಮ್ಮಣ್ಣು, ದಿನಕ್ಕೆರಡು ಗುಳಿಗೆ

ಈ ವರ್ಷ ಇದೇ ಪ್ರಶ್ನೆ ಹೊತ್ತು ಆಪ್ತಸಲಹೆಗೆಂದು ನನ್ನ ಬಳಿ ಬಂದವರಲ್ಲಿ ಇವರು ಮೂರನೆಯವರು. ಒಬ್ಬರು ಕೋವಿಡ್ಡನ್ನು ದೂರಿದ್ದರು, ಇನ್ನೊಬ್ಬರು ತುಟಿಯಂಚಿನ ಗುಳ್ಳೆಯನ್ನು. ಇವರದು ಸರ್ಪಸುತ್ತು. ಕೇಳುವುದು ಮಾತ್ರ ಒಂದೇ: "ಆ ವೈರಸ್ಸಿಂದಲೇ ಅಮ್ಮನಿಗೆ ಮರೆವು ಬಂತಾ? ನಾನು ತಡೀಬಹುದಿತ್ತಾ?" ಮೊದಲಿಬ್ಬರಿಗೆ ನಾನು ಕೊಟ್ಟ ಉತ್ತರದ ಬಗ್ಗೆ ನನಗೀಗ ಅಷ್ಟೇನೂ ಹೆಮ್ಮೆಯಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಸುಮತಿ ಎನ್ನೋಣ. 52 ವಯಸ್ಸು, ಬ್ಯಾಂಕ್ ಕೆಲಸ, ಬನಶಂಕರಿ ಕಡೆ ಮನೆ. ತಾಯಿಗೆ 76. ಅಲ್ಝೈಮರ್ಸ್ ಎಂದು ಡಾಕ್ಟರ್ ಹೇಳಿ ಎರಡು ವರ್ಷವಾಗಿದೆ. ಅದಕ್ಕೂ ಮೂರು ವರ್ಷ ಮೊದಲು ತಾಯಿಯ ಎಡಪಕ್ಕೆಯಲ್ಲಿ ಸರ್ಪಸುತ್ತು ಎದ್ದಿತ್ತು. "ತಲೆ ಬಾಲ ಕೂಡಿದ್ರೆ ಉಳಿಯಲ್ಲ" ಎಂದು ಹೆದರಿದ ತಾಯಿಯೇ ಹಟ ಹಿಡಿದು, ಕನಕಪುರ ರಸ್ತೆಯಾಚೆಯ ಒಬ್ಬ ಅಜ್ಜನ ಹತ್ತಿರ ಮಂತ್ರ ಹಾಕಿಸಿ ಕೆಮ್ಮಣ್ಣು ಬರೆಸಿಕೊಂಡರು. ಮಾರ್ಚ್ ಕೊನೆಯ ವಾರ, ಬ್ಯಾಂಕಿನಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಸುಮತಿ "ಆಯ್ತಮ್ಮ" ಎಂದುಬಿಟ್ಟರು. ಡಾಕ್ಟರ ಬಳಿ ಹೋದದ್ದು ಐದನೆಯ ದಿನ. ಗುಳ್ಳೆ ಎದ್ದ 72 ಗಂಟೆಯೊಳಗೆ ಔಷಧಿ ಶುರುವಾದರೆ ಹೆಚ್ಚು ಪ್ರಯೋಜನ ಎಂದು ಅವರಿಗೆ ಗೊತ್ತಾದದ್ದೂ ಆವತ್ತೇ.

ಯಲಹಂಕದಲ್ಲಿರುವ ಅಣ್ಣ ಕಳೆದ ವರ್ಷ ಮನೆಯ ವಾಟ್ಸಾಪ್ ಗುಂಪಿಗೆ ಸರ್ಪಸುತ್ತಿನ ವೈರಸ್ಸಿಗೂ ಮರೆವಿಗೂ ನಂಟಿದೆ ಎಂಬ ಒಂದು ಸುದ್ದಿ ಹಾಕಿ, ಕೆಳಗೆ "ಓದು" ಎಂದಷ್ಟೇ ಬರೆದಿದ್ದ.

ಆ ಸುದ್ದಿ ಸುಳ್ಳಲ್ಲ. ಚಿಕ್ಕಂದಿನಲ್ಲಿ 'ಅಮ್ಮ' (ಚಿಕನ್‌ಪಾಕ್ಸ್) ಬಂದು ಹೋದ ಮೇಲೂ ಅದರ ವೈರಸ್ ಮೈಬಿಟ್ಟು ಹೋಗುವುದಿಲ್ಲ. ನರಗಳ ಬುಡದಲ್ಲಿ ಮಲಗಿದ್ದು, ವಯಸ್ಸಾಗಿ ದೇಹದ ಕಾವಲು ಸಡಿಲವಾದಾಗ ಸರ್ಪಸುತ್ತಾಗಿ ಏಳುತ್ತದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ 2013ರಲ್ಲಿ ಇದರ ಲಸಿಕೆ ಕೊಡಲು ಶುರುಮಾಡಿದಾಗ 1933ರ ಸೆಪ್ಟೆಂಬರ್ 2ಕ್ಕೆ ಗೆರೆ ಎಳೆದರು. ಆವತ್ತು ಅಥವಾ ಆಮೇಲೆ ಹುಟ್ಟಿದವರಿಗೆ ಸರದಿ ಬಂತು, ಹಿಂದಿನ ದಿನ ಹುಟ್ಟಿದವರಿಗೆ ಇಲ್ಲವೇ ಇಲ್ಲ. ವಾರದ ಅಂತರದಲ್ಲಿ ಹುಟ್ಟಿದ ಇಬ್ಬರ ನಡುವೆ ಲಸಿಕೆ ಬಿಟ್ಟರೆ ಬೇರೆ ವ್ಯತ್ಯಾಸ ಏನಿದ್ದೀತು? ಏಳು ವರ್ಷದ ದಾಖಲೆ ಹೋಲಿಸಿ ನೋಡಿದರೆ, ಲಸಿಕೆ ಪಡೆದವರಲ್ಲಿ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಸುಮಾರು ಐದರಲ್ಲೊಂದು ಪಾಲು ಕಡಿಮೆ. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಈ ಅಧ್ಯಯನವನ್ನು ನಾನೂ ಗೌರವದಿಂದಲೇ ಓದಿದೆ. ಆದರೆ ಅದನ್ನು ಬರೆದವರು ತಂಗಿಗೆ ಕಳಿಸಲೆಂದು ಬರೆದಿರಲಿಲ್ಲ.

ಮೊದಲ ಭೇಟಿಯಲ್ಲಿ ಇದನ್ನೆಲ್ಲ ಬಿಡಿಸಿ ಹೇಳಿದೆ. ಲಸಿಕೆ ಪಡೆದ ಗುಂಪಿನಲ್ಲಿ ಕಡಿಮೆ ಎಂದರೆ ಸರ್ಪಸುತ್ತು ಬಂದವರಿಗೆಲ್ಲ ಮರೆವು ಕಟ್ಟಿಟ್ಟದ್ದು ಎಂದಾಗುವುದಿಲ್ಲ, ಲಕ್ಷಗಟ್ಟಲೆ ಜನರ ಲೆಕ್ಕದಿಂದ ನಿಮ್ಮ ತಾಯಿಯೊಬ್ಬರ ಕಾಯಿಲೆಯ ಕಾರಣ ಹೇಳಲಾಗದು, ಇತ್ಯಾದಿ. ಕೌಂಟರಿನ ಆಚೆ ನಿಂತು ಕೂಗಾಡುವ ಗ್ರಾಹಕರಿಗೆ ತಲೆಯಾಡಿಸುವ ಹಾಗೆ ಸುಮತಿ ತಲೆಯಾಡಿಸಿದರು.

ಎರಡನೆಯ ಸಲ ಒಂದು ಡೈರಿ ತಂದರು. ಅಮ್ಮ ಏನೇನು ಮರೆತರು ಎಂದು ನೆನಪು ಕೆದಕಿ ತಾರೀಖಿನ ಸಮೇತ ಬರೆದದ್ದು. ಅದರ ಎರಡನೆಯ ಪುಟದಲ್ಲೇ, ಯುಗಾದಿ ಹಬ್ಬದಂದು ಸಾರಿಗೆ ಎರಡು ಸಲ ಹುಣಸೆಹಣ್ಣು ಕಿವುಚಿದ್ದು, ಗಾಂಧಿ ಬಜಾರಿನಲ್ಲಿ ಹೂ ಕೊಂಡು ವಾಪಸು ಬರುವ ದಾರಿ ತಪ್ಪಿ ನಿಂತದ್ದು. ವರ್ಷ ನೋಡಿದೆ: ಸರ್ಪಸುತ್ತಿಗಿಂತ ಒಂದು ವರ್ಷ ಹಿಂದಿನದು! ನನಗೆ ಗೆದ್ದಷ್ಟು ಖುಷಿ. ಅಲ್ಝೈಮರ್ಸ್‌ನಲ್ಲಿ ಲಕ್ಷಣ ಕಾಣುವುದಕ್ಕೆ ಹದಿನೈದಿಪ್ಪತ್ತು ವರ್ಷ ಮೊದಲೇ ಮೆದುಳಿನಲ್ಲಿ ಬದಲಾವಣೆ ಶುರುವಾಗಿರುತ್ತದೆ ಎಂದು ಹೇಳಿ, ಆ ಸಾಲಿನ ಕೆಳಗೆ ಪೆನ್ಸಿಲ್ಲಿನಿಂದ ಗೆರೆಯನ್ನೂ ಎಳೆದೆ.

ಸುಮತಿ ಗೆರೆಯನ್ನೇ ನೋಡುತ್ತಾ, "ಹಾಗಾದ್ರೆ ಆವತ್ತೇ ನಾನು ಗಮನಿಸ್ಬೇಕಿತ್ತು" ಎಂದರು.

ಪೆನ್ಸಿಲ್ ಕೆಳಗಿಟ್ಟೆ. ಮಾರ್ಚಿನ ಆ ವಾರದಿಂದ ತಪ್ಪನ್ನು ಎತ್ತಿದರೆ ಅದು ಯುಗಾದಿಗೆ ಹೋಗಿ ಕೂತಿತ್ತು. ಅಲ್ಲಿಂದ ಎತ್ತಿದ್ದರೆ ಇನ್ನೊಂದು ಕಡೆ ಕೂರುತ್ತಿತ್ತು. ಮೊದಲಿಬ್ಬರಿಗೂ ನಾನು ಮಾಡಿದ್ದು ಇದನ್ನೇ: ಮಾಹಿತಿ ಕೊಟ್ಟು, ಒಳ್ಳೆಯ ಕೆಲಸ ಮಾಡಿದೆನೆಂದು ನಂಬಿ, ಬಾಗಿಲ ತನಕ ಬೀಳ್ಕೊಟ್ಟಿದ್ದೆ.

ಮೂರನೆಯ ಭೇಟಿಯಲ್ಲಿ ನಾನು ಹೆಚ್ಚು ಮಾತಾಡಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಅವರೇ, "ಈಗ ಕೊಡ್ತಿರೋದ್ರಿಂದ ಸ್ವಲ್ಪನಾದ್ರೂ ಉಪಯೋಗ ಆಗುತ್ತಲ್ವಾ?" ಎಂದರು. ಏನು ಕೊಡುತ್ತಿದ್ದೀರಿ ಎಂದೆ. ಬ್ಯಾಗಿನಿಂದ ಒಂದು ಸ್ಟ್ರಿಪ್ ತೆಗೆದರು. ಅಸೈಕ್ಲೋವಿರ್, ಸರ್ಪಸುತ್ತಿಗೆ ಕೊಡುವ, ವೈರಸ್ ಅಡಗಿಸುವ ಔಷಧಿ. ಐದು ವರ್ಷ ಹಿಂದಿನ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತಂದು, ನಾಲ್ಕು ತಿಂಗಳಿಂದ ದಿನಕ್ಕೆ ಎರಡರಂತೆ. ಡಾಕ್ಟರಿಗೂ ಗೊತ್ತಿಲ್ಲ, ಅಣ್ಣನಿಗೂ ಗೊತ್ತಿಲ್ಲ.

ಬೈಯಬೇಕೆನಿಸಿತು, ಸುಳ್ಳೇಕೆ ಹೇಳಲಿ. ಬಾಯಿಗೆ ಬಂದದ್ದು ಬೇರೆ ಪ್ರಶ್ನೆ: "ಗುಳಿಗೆ ಕೊಡುವಾಗ ಅಮ್ಮ ಏನಂತಾರೆ?"

"ಇದು ಯಾತಕ್ಕೆ ಅಂತ ದಿನಾ ಕೇಳ್ತಾರೆ. ತಲೆಗೆ ಒಳ್ಳೇದು ಅಂತೀನಿ. ನುಂಗ್ತಾರೆ." ಸ್ವಲ್ಪ ತಡೆದರು. "ಮೊನ್ನೆ ಮಾತ್ರ..."

"ಮೊನ್ನೆ?"

"'ನಿಂಗೆ ಸಮಾಧಾನ ಆಗೋದಾದ್ರೆ ಕೊಡು' ಅಂದ್ರು."

ಹೇಳಿ ಮುಗಿಸಿದ ಮೇಲೆ ಆ ಮಾತು ಅವರಿಗೇ ಮೊದಲ ಸಲ ಕೇಳಿಸಿದಂತಿತ್ತು. ಸ್ಟ್ರಿಪ್ಪಿನಲ್ಲಿ ಉಳಿದಿದ್ದವು ಆರು ಗುಳಿಗೆ. ಖಾಲಿ ಗುಳಿಗಳನ್ನು ಹೆಬ್ಬೆರಳಿನಿಂದ ಒಂದೊಂದೇ ಒತ್ತುತ್ತಾ ಕೂತರು. ಅತ್ತದ್ದು ಆಮೇಲೆ, ತುಂಬಾ ಹೊತ್ತು.

ನಾನು ಕೊಟ್ಟ ಸಲಹೆ ಇದು: ತಾಯಿಯನ್ನು ನೋಡುವ ಡಾಕ್ಟರಿಗೆ ಈಗಲೇ, ಇಲ್ಲಿಂದಲೇ ಫೋನ್ ಮಾಡಿ, ಇದ್ದದ್ದು ಇದ್ದ ಹಾಗೆ ಹೇಳಿ. ಅವರು ಮಾಡಿದರು. ಡಾಕ್ಟರು ಅದೇ ಸಂಜೆ ರಕ್ತಪರೀಕ್ಷೆಗೆ ಬರೆದುಕೊಟ್ಟರು.

ಇದಕ್ಕೆ ನನ್ನ ಸಹೋದ್ಯೋಗಿಯೊಬ್ಬರ ಆಕ್ಷೇಪವಿದೆ. ಆಪ್ತಸಲಹೆಗಾರರು ದಾರಿ ತೋರಿಸಬಾರದು, ಬಂದವರೇ ಕಂಡುಕೊಳ್ಳುವವರೆಗೆ ಕಾಯಬೇಕು, ಔಷಧಿಯ ಗೊಡವೆ ನಮಗೆ ಬೇಡ ಎನ್ನುತ್ತಾರೆ. ನಾನು ಡಾಕ್ಟರಲ್ಲ, ಒಪ್ಪಿದೆ. ಆದರೆ ಆ ಗುಳಿಗೆ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ವಯಸ್ಸಾದವರಲ್ಲಿ ಮೂತ್ರಪಿಂಡ ಸೋತಿದ್ದರೆ ಅದು ಒಳಗೇ ಉಳಿದು, ಗೊಂದಲ ಹುಟ್ಟಿಸಿ, ಇಲ್ಲದ್ದನ್ನು ಕಾಣಿಸಬಹುದು. ಯಾವ ಮರೆವಿಗೆಂದು ಕೊಟ್ಟರೋ ಆ ಮರೆವನ್ನೇ ಹೆಚ್ಚು ಮಾಡಬಹುದು. ಇದು ಗೊತ್ತಿದ್ದೂ ಮುಂದಿನ ವಾರದ ತನಕ ಕಾಯುವುದು ನನ್ನ ಕೈಲಾಗದು. ಅಮೆರಿಕದಲ್ಲಿ ಅಸೈಕ್ಲೋವಿರ್‌ನ ಹತ್ತಿರದ ಸಂಬಂಧಿಯಾದ ವಾಲಾಸೈಕ್ಲೋವಿರನ್ನು, ಅಲ್ಝೈಮರ್ಸ್‌ನ ಆರಂಭದಲ್ಲಿದ್ದ, ತುಟಿಗುಳ್ಳೆ ಬರಿಸುವ ಜಾತಿಯ ಹರ್ಪಿಸ್ ಸೋಂಕಿನ ಗುರುತು ರಕ್ತದಲ್ಲಿದ್ದ 120 ಮಂದಿಯ ಮೇಲೆ ಪ್ರಯೋಗಿಸಿದರು. ಅರ್ಧ ಜನರಿಗೆ ಔಷಧಿ, ಅರ್ಧ ಜನರಿಗೆ ಬರೀ ತೋರಿಕೆಯ ಗುಳಿಗೆ. 2025ರಲ್ಲಿ ಫಲಿತಾಂಶ ಬಂತು: ಔಷಧಿ ತೆಗೆದುಕೊಂಡವರ ನೆನಪು ಸುಧಾರಿಸಲಿಲ್ಲ, ತುಸು ಹಿಂದೆಯೇ ಬಿತ್ತು. ಸರ್ಪಸುತ್ತಿನ ವೈರಸ್ ಬೇರೆ, ಇದು ಬೇರೆ, ನಿಜ. ಆದರೂ ವೈರಸ್ಸಿಗೂ ಮರೆವಿಗೂ ನಂಟಿದೆ ಎಂಬುದಕ್ಕೂ, ವೈರಸ್ ಅಡಗಿಸಿದರೆ ಬಂದ ಮರೆವು ಹೋಗುತ್ತದೆ ಎಂಬುದಕ್ಕೂ ನಡುವೆ ದೊಡ್ಡ ಕಂದಕವಿದೆ. ವಾಟ್ಸಾಪ್ ಸುದ್ದಿ ಅದನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತದೆ.

ಹಾಗೆಂದು ವೈರಸ್ಸಿನ ಮಾತೆಲ್ಲ ಉತ್ಪ್ರೇಕ್ಷೆ ಎಂದು ಓದಿಕೊಳ್ಳಬೇಡಿ. ಹಿರಿಯರಿಗಾಗಲಿ ಕಿರಿಯರಿಗಾಗಲಿ ಜ್ವರದ ಜೊತೆ ಏಕಾಏಕಿ ಗೊಂದಲ, ಅಸಂಬದ್ಧ ಮಾತು, ಫಿಟ್ಸ್ ಕಂಡರೆ ಬೆಳಗಾಗಲಿ ಎನ್ನಬೇಡಿ. ಹರ್ಪಿಸ್ ಮೆದುಳುಜ್ವರವಾಗಿದ್ದರೆ ಇದೇ ಅಸೈಕ್ಲೋವಿರ್ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಟ್ಟು ಜೀವ ಉಳಿಸುವ ಔಷಧಿ. ಸರ್ಪಸುತ್ತು ಎದ್ದರೂ ಅಷ್ಟೇ, ಮಂತ್ರ ಹಾಕಿಸುವುದಾದರೆ ಡಾಕ್ಟರಿಗೆ ತೋರಿಸಿದ ಮೇಲೆ ಹಾಕಿಸಿ. ಆ ಅಜ್ಜನ ಮೇಲೆ ನನಗೆ ಕೋಪವಿಲ್ಲ, ತಡದ ಮೇಲಿದೆ.

ಅಣ್ಣನ ವಿಷಯಕ್ಕೆ ಹೇಳಿದ್ದು ಚಿಕ್ಕದು: ಯಾರ ತಪ್ಪು ಎಂಬ ಪಂಚಾಯ್ತಿಗೆ ಕೂರಬೇಡಿ, ಭಾನುವಾರಗಳನ್ನು ಕೇಳಿ. ಅಮ್ಮನನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಅವನು ನೋಡಿಕೊಳ್ಳಲಿ. ಇನ್ನೊಂದು, ಬೀರುವಿನಲ್ಲಿ ಮಲಗಿರುವ ಶ್ರವಣಯಂತ್ರಕ್ಕೆ ಬ್ಯಾಟರಿ ಹಾಕಿಸಿ. ಲ್ಯಾನ್ಸೆಟ್ ವೈದ್ಯಪತ್ರಿಕೆಯ 2024ರ ತಜ್ಞರ ಆಯೋಗ ತಡೆಯಬಹುದಾದ ಡಿಮೆನ್ಶಿಯಾಕ್ಕೆ ಗುರುತಿಸಿದ 14 ಅಪಾಯಗಳಲ್ಲಿ ಕಿವಿ ಮಂದವಾಗುವುದೂ ಒಂದು. ವೈರಸ್ಸು ಆ ಪಟ್ಟಿಯಲ್ಲಿಲ್ಲ. ಬಂದ ಕಾಯಿಲೆ ಶ್ರವಣಯಂತ್ರದಿಂದ ಹಿಂದಕ್ಕೆ ಹೋಗುತ್ತದೆ ಎಂದು ನಾನು ಹೇಳಲಿಲ್ಲ. ಅಮ್ಮ ದಿನಾ ಕೇಳುವ ಪ್ರಶ್ನೆಗೆ ಕೊಟ್ಟ ಉತ್ತರವಾದರೂ ಅವರಿಗೆ ಕೇಳಿಸಲಿ ಎಂದೆ.

ಎರಡು ತಿಂಗಳಾದ ಮೇಲೆ ಸುಮತಿ ಬಂದಿದ್ದರು. ತಾಯಿಯ ಕ್ರಿಯಾಟಿನಿನ್ ಏರಿತ್ತಂತೆ, ಮೂತ್ರಪಿಂಡ ಸೋಲುತ್ತಿರುವುದರ ಗುರುತು ಅದು. ಗುಳಿಗೆ ನಿಂತ ಮೇಲೆ ಸಂಜೆಯ ಹೊತ್ತು "ಯಾರೋ ಬಂದಿದ್ದಾರೆ" ಎನ್ನುವುದು ಕಡಿಮೆಯಾಗಿದೆ. ಮರೆವು ಇದ್ದ ಹಾಗೇ ಇದೆ. ಅಣ್ಣ ಎರಡು ಭಾನುವಾರ ಬಂದ, ಮೂರನೆಯದಕ್ಕೆ ಟ್ರಾಫಿಕ್ ಎಂದ. ತಾನು ಸರ್ಪಸುತ್ತಿನ ಲಸಿಕೆ ಹಾಕಿಸಿಕೊಳ್ಳಲೇ ಎಂದು ಕೇಳಿದರು. 50 ದಾಟಿದವರಿಗೆ ಇಲ್ಲಿಯೂ ಸಿಗುತ್ತದೆ, ದುಬಾರಿ, ಎರಡು ಡೋಸು, ನಿಮ್ಮ ಡಾಕ್ಟರನ್ನು ಕೇಳಿ ಎಂದೆ. ಆ ಉರಿ ನಿಮಗೆ ಬಾರದಿರಲೆಂದು ಹಾಕಿಸಿಕೊಳ್ಳಿ, ಪ್ರಾಯಶ್ಚಿತ್ತಕ್ಕೆ ಬೇಡ ಎಂದೂ ಸೇರಿಸಿದೆ.

ಏಳುವ ಮುಂಚೆ ಫೋನಿನಲ್ಲಿ ಒಂದು ಫೋಟೊ ತೋರಿಸಿದರು. ಆ ಅಜ್ಜ ಕೊಟ್ಟಿದ್ದ ಕೆಮ್ಮಣ್ಣಿನ ಉಂಡೆ ದೇವರ ಮನೆಯಲ್ಲಿ ಉಳಿದಿತ್ತಂತೆ. ಎಸೆಯಲು ಕೈ ಬಂದಿರಲಿಲ್ಲ. ತಾಯಿ ಅದನ್ನು ನೀರಿನಲ್ಲಿ ಕಲಸಿ, ರಂಗೋಲಿಯ ಸುತ್ತ ಕಾರಣೆ ಎಳೆದಿದ್ದರು. ಗೆರೆ ಎಲ್ಲೂ ತಪ್ಪಿರಲಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಎರಡು ಸಲ ಎಳೆದಿದ್ದರು.