ಡಾನ್ಸ್ ಮ್ಯಾಟಿನ ನಡುಮನೆಗೆ ಬೀಗ ಹಾಕಿ

ನೀವು ಬರೆದಿದ್ದು ಇಷ್ಟು: ಹುಬ್ಬಳ್ಳಿಯಲ್ಲಿ ಮನೆಗೇ ಬಾಣದ ಮ್ಯಾಟ್ ತರಿಸಿ, ಲ್ಯಾಪ್‌ಟಾಪಿಗೆ ಸ್ಟೆಪ್‌ಮೇನಿಯಾ (ಹಾಡಿನ ಲಯಕ್ಕೆ ಪರದೆಯಲ್ಲಿ ಬರುವ ಬಾಣಗಳನ್ನು ಮ್ಯಾಟಿನ ಮೇಲೆ ಕಾಲಿನಿಂದ ತುಳಿಯುವ ಆಟ) ಹಾಕಿಕೊಂಡು ಎರಡು ತಿಂಗಳಾಯಿತು, 3ನೇ ಹಂತ ದಾಟುತ್ತಿಲ್ಲ, ನನಗೆ ಲಯವೇ ಇಲ್ಲವೇನೋ, ಡಾನ್ಸ್ ಕ್ಲಾಸ್ ಸೇರಲೋ ಇಲ್ಲಾ ದುಬಾರಿ ಲೋಹದ ಮ್ಯಾಟ್ ಕೊಳ್ಳಲೋ? ಎರಡೂ ಬ್ಯಾಡ್ರಿ. ಲಯ ಇಲ್ಲ ಅನ್ನುವ ಮಾತನ್ನಂತೂ ನಾನು ಒಪ್ಪುವುದೇ ಇಲ್ಲ.

ಧಾರವಾಡದಲ್ಲಿ ನಾನು ಇದೇ 3ನೇ ಹಂತದಲ್ಲಿ ಏಳು ತಿಂಗಳು ಕೊಳೆತವನು. ಶ್ರಾವಣದ ಭಜನೆಯಲ್ಲಿ ತಾಳ ಹಿಡಿದರೆ ಒಂದು ತಾಸು ತಪ್ಪದೆ ಬಾರಿಸುತ್ತಿದ್ದೆ. ಮ್ಯಾಟ್ ಹತ್ತಿದರೆ ಮಾತ್ರ ಒಂದೂವರೆ ನಿಮಿಷದ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಜೀವದ ಪಟ್ಟಿ ಖಾಲಿ. ಒಂದು ಸಂಜೆ ಹಿಂದೆ ಕೂತು ಹೋಂವರ್ಕ್ ಬರೆಯುತ್ತಿದ್ದ ತಂಗಿ ತಲೆ ಎತ್ತಿ, “ಅಣ್ಣಾ, ಒಂದೊಂದು ಸಲಾನೂ ನಡುವಿನ ಮನಿಗೆ ಯಾಕ ವಾಪಸ್ ಬರ್ತಿ?” ಅಂದಳು. ನನ್ನ ರೋಗ ಅದೇ ಆಗಿತ್ತು.

ಮ್ಯಾಟಿನಲ್ಲಿ ಒಂಬತ್ತು ಮನೆ. ನಾಲ್ಕರಲ್ಲಿ ಬಾಣ, ಮೂಲೆಗಳಲ್ಲಿ ಮೆನುವಿನ ಗುಂಡಿ, ನಡುವಿನದು ಖಾಲಿ. ಖಾಲಿ ಮನೆ ಕಂಡರೆ ಕಾಲಿಗೆ ಅದೇ ತವರು. ನನ್ನ ವಿಷಯದಲ್ಲಿ ಶಟಲ್ ಬ್ಯಾಡ್ಮಿಂಟನ್ ಕೂಡ ಕೈ ಜೋಡಿಸಿತ್ತು. ಅಲ್ಲಿ ಪ್ರತಿ ಹೊಡೆತದ ಮೇಲೆ ಅಂಕಣದ ನಡುವಿಗೆ ಮರಳಬೇಕು ಅಂತ ವರ್ಷಗಟ್ಟಲೆ ಬೈಸಿಕೊಂಡು ಕಲಿತಿದ್ದೆ. ಅದೇ ಬುದ್ಧಿಯನ್ನು ಇಲ್ಲಿಗೂ ಹೊತ್ತು ತಂದೆ. ಅದರ ಮೇಲೊಂದು ತಪ್ಪು ತಿಳಿವಳಿಕೆ: ಬಾಣದ ಮೇಲೆ ಕಾಲಿಟ್ಟು ನಿಂತರೆ ಗುಂಡಿ ಒತ್ತಿ ಹಿಡಿದ ಹಾಗೆ, ಗೇಮ್ ಅದನ್ನು ತಪ್ಪು ಅಂತ ಎಣಿಸುತ್ತದೆ, ಅದಕ್ಕೇ ತಕ್ಷಣ ಕಾಲು ತೆಗೆಯಬೇಕು ಅಂತ. ಹಾಗೇನಿಲ್ಲ. ಬಿಡಿ ಬಾಣದಲ್ಲಿ ಗೇಮ್ ನೋಡುವುದು ಒತ್ತಿದ ಕ್ಷಣವನ್ನಷ್ಟೇ (ಬಾಲ ಇರುವ ಉದ್ದ ಬಾಣವನ್ನು ಮಾತ್ರ ಅದು ಮುಗಿಯುವ ತನಕ ಒತ್ತಿ ಹಿಡಿದಿರಬೇಕು). ಒತ್ತಿದ ಮೇಲೆ ಅಲ್ಲೇ ನಿಂತು ಚಹಾ ಕುಡಿದರೂ ಅದರ ಅಭ್ಯಂತರವಿಲ್ಲ. ಕಾಲು ಎತ್ತಬೇಕಾದದ್ದು ಅದೇ ಬಾಣ ಮತ್ತೆ ಬಂದಾಗ, ಇಲ್ಲಾ ಆ ಕಾಲು ಬೇರೆ ಮನೆಗೆ ಹೋಗಬೇಕಾದಾಗ. ಕೆಲವು ಹಾಡುಗಳಲ್ಲಿ ಬರುವ ಬಾಂಬುಗಳು ಮಾತ್ರ ಕಾಲು ಅಲ್ಲಿದ್ದರೆ ಜೀವ ತಿನ್ನುತ್ತವೆ. ನಿಮ್ಮ ಹಂತದಲ್ಲಿ ಅವು ಸಿಗುವುದು ಅಪರೂಪ.

ಈ ಚಟದ ಬೆಲೆ ಎಷ್ಟು ಅಂತ ಲೆಕ್ಕ ಹಾಕೋಣ. ಹಾಡಿನ ವೇಗ 140 ಬಿಪಿಎಂ, ಅಂದರೆ ನಿಮಿಷಕ್ಕೆ 140 ಮಾತ್ರೆ, ಒಂದು ಮಾತ್ರೆಗೆ 0.43 ಸೆಕೆಂಡು. ಮಾತ್ರೆಗೊಂದು ಬಾಣ ಬಂದರೆ 0.43 ಸೆಕೆಂಡಿಗೆ ಒಂದು ಹೆಜ್ಜೆ, ನಡೆದಾಡಿದಷ್ಟೇ ಸಲೀಸು. ನಡುವಿಗೆ ಮರಳಿದರೆ ಅದೇ ಸಮಯದಲ್ಲಿ ಎರಡು ಹೆಜ್ಜೆ, ಅಂದರೆ 0.21 ಸೆಕೆಂಡಿಗೊಂದು. 3ನೇ ಹಂತದ ಹಾಡಿಗೆ ಅದರ ಎರಡು ಪಟ್ಟು ದುಡಿಮೆ. ಅಷ್ಟನ್ನಾದರೂ ಹೇಗೋ ಎಳೆಯಬಹುದು. ಮುಂದಿನ ಹಂತದಲ್ಲಿ ಅರ್ಧ ಮಾತ್ರೆಯ ಬಾಣಗಳು ಶುರುವಾಗುತ್ತವೆ. ತಬಲಾ ಬಲ್ಲವರು ದುಗುನ್ ಅನ್ನುತ್ತಾರಲ್ಲ, ಅದು. ಬಾಣವೇ 0.21 ಸೆಕೆಂಡಿಗೆ ಬರುವಾಗ ನಡುವಿಗೆ ಹೋಗಿ ಬರುವವನಿಗೆ 0.11 ಸೆಕೆಂಡಿಗೊಂದು ಹೆಜ್ಜೆ ಬೇಕು. ಹೊಸಬನಿಗೆ ಅದು ಆಗದ ಮಾತು. ಆದ್ದರಿಂದ ಗೋಡೆ ಸರಿಯಾಗಿ ನೀವು ನಿಂತಿರುವ ಜಾಗದಲ್ಲೇ ಎದುರಾಗುತ್ತದೆ. ಇಲ್ಲಿ ಸಿಕ್ಕಿಬಿದ್ದವರೆಲ್ಲ ತಮಗೆ ವೇಗ ಸಾಲದು ಅಂದುಕೊಂಡು ಅದೇ ಹಾಡನ್ನು ನೂರು ಸಲ ತುಳಿಯುತ್ತಾರೆ, ಮೀನಖಂಡ ನೋಯಿಸಿಕೊಳ್ಳುತ್ತಾರೆ. ನಾನೂ ತುಳಿದೆ. ತುಳಿದಷ್ಟೂ ಚಟ ಗಟ್ಟಿಯಾಯಿತು.

ಇನ್ನೂ ಕೆಟ್ಟದ್ದೇನೆಂದರೆ, ನಡುವಿಗೆ ಬರುವವನು ಯಾವ ಬಾಣಕ್ಕೆ ಯಾವ ಕಾಲು ಅಂತ ಯೋಚಿಸುವುದೇ ಇಲ್ಲ. ಬಲಗಾಲಿನಿಂದಲೇ ನಾಲ್ಕೂ ದಿಕ್ಕು ಮುಟ್ಟಿ ಬರುತ್ತಾನೆ, ಎಡಗಾಲು ಕಂಬದ ಹಾಗೆ ನಿಂತಿರುತ್ತದೆ. ಈ ಆಟದ ಹಾಡುಗಳಿಗೆ ಹೆಜ್ಜೆ ಹೊಸೆಯುವವರು ಎಡ, ಬಲ, ಎಡ, ಬಲ ಅಂತ ಕಾಲು ಬದಲಾಯಿಸುತ್ತ ಹೋಗುವವರಿಗಾಗಿ ಹೊಸೆಯುತ್ತಾರೆ. ನಮ್ಮ ಹೆಜ್ಜೆ ಮೇಳದಲ್ಲೂ ಹಾಗೇ ಅಲ್ಲವೇ? ಇಟ್ಟ ಕಾಲು ಅಲ್ಲೇ ಇರುತ್ತದೆ, ಮುಂದಿನ ಹೆಜ್ಜೆ ಇನ್ನೊಂದು ಕಾಲಿನದು.

ಬಿಡಿಸಿಕೊಂಡದ್ದು ಹೀಗೆ. ತೆಂಗಿನ ನಾರಿನ ಹಳೆಯ ಕಾಲೊರಸಿನಿಂದ ಅಂಗೈ ಅಗಲದ ಒಂದು ಚೌಕ ಕತ್ತರಿಸಿ, ಎರಡೂ ಬದಿ ಅಂಟುವ ಟೇಪಿನಿಂದ ನಡುವಿನ ಮನೆಗೆ ಅಂಟಿಸಿದೆ. ಬರಿಗಾಲಿಗೆ ಅದು ಚುಚ್ಚುತ್ತದೆ. ಮೊದಲ ದಿನ ಒಂದೇ ಹಾಡಿನಲ್ಲಿ ಎಷ್ಟು ಸಲ ಚುಚ್ಚಿತೆಂದರೆ ನನಗೇ ನಾಚಿಕೆಯಾಯಿತು. ಎರಡು ವಾರಕ್ಕೆ ಕಾಲು ತಾನಾಗಿ ಅದನ್ನು ಬಳಸಿ ಹೋಗಲು ಕಲಿಯಿತು.

ನಿಲ್ಲುವ ಜಾಗ: ಎಡಗಾಲು ಎಡ ಬಾಣದ ಮೇಲೆ, ಬಲಗಾಲು ಬಲ ಬಾಣದ ಮೇಲೆ, ಮೊಣಕಾಲು ತುಸು ಬಾಗಿರಲಿ, ತೂಕ ಮುಂಗಾಲಿನ ಮೇಲೆ. ನಿಮ್ಮ ಮನೆ ಅದು, ನಡುವಿನದಲ್ಲ. ಹಾಡು ಹಾಕದೆ, ಗೋಡೆ ಗಡಿಯಾರದ ಟಿಕ್ ಟಿಕ್‌ಗೆ ಈ ಸರಣಿ ತುಳಿಯಿರಿ: ಎಡ, ಕೆಳಗೆ, ಮೇಲೆ, ಬಲ. ಕಾಲು ಕ್ರಮವಾಗಿ ಎಡಗಾಲು, ಬಲಗಾಲು, ಎಡಗಾಲು, ಬಲಗಾಲು. ನಂತರ ತಿರುಗಿ ಬಲ, ಮೇಲೆ, ಕೆಳಗೆ, ಎಡ. ಈಗ ಮೊದಲು ಬಲಗಾಲು. ಸೊಂಟ ತಾನಾಗಿ ಅತ್ತಿತ್ತ ತಿರುಗುತ್ತದೆ, ತಡೆಯಬೇಡಿ, ಕಣ್ಣು ಮಾತ್ರ ಪರದೆಯ ಮೇಲೆ. ದಿನಕ್ಕೆ ಐದು ನಿಮಿಷ ಸಾಕು. ಇದು ಕೂತ ಮೇಲೆ ಎಡ, ಕೆಳಗೆ, ಬಲ ಅನ್ನುವ ಮೂರರ ಸರಣಿಯನ್ನು ಕಾಲು ಬದಲಿಸುತ್ತಲೇ ಮಾಡಿ: ಬಲ ಬಾಣಕ್ಕೆ ಎಡಗಾಲೇ ಅಡ್ಡ ದಾಟಿ ಬರಬೇಕಾಗುತ್ತದೆ. ಇದಕ್ಕೆ ಕ್ರಾಸೋವರ್ ಅನ್ನುತ್ತಾರೆ. ಈಗಲೇ ಬೇಕಿಲ್ಲ, ಆದರೆ ಯಾವತ್ತೋ ಒಂದು ದಿನ ಹಾಡಿನಲ್ಲಿ ಎದುರಾದಾಗ ಗಾಬರಿಯಾಗಬಾರದು.

ಇನ್ನು ಪರದೆಯ ವೇಗ, ಅಂದರೆ ಬಾಣಗಳು ಪರದೆಯ ಮೇಲೆ ಜಾರುವ ವೇಗ. ನೀವು 1ಎಕ್ಸ್‌ನಲ್ಲೇ (ಏರಿಸದ ಮೂಲ ವೇಗದಲ್ಲೇ) ಆಡುತ್ತಿರಬೇಕು, ಎಲ್ಲ ಹೊಸಬರೂ ಹಾಗೇ ಮಾಡುತ್ತಾರೆ. ನಿಧಾನ ಇದ್ದರೆ ಸುಲಭ ಅಂತ ಅನಿಸುತ್ತದೆ, ಆಗುವುದು ತಿರುಗಾ ಮುರುಗಾ. ನಿಧಾನ ಜಾರಿದರೆ ಬಾಣಗಳು ದುರ್ಗದ ಬೈಲಿನ ಸಂತೆಯಂತೆ ಒಂದರ ಮೇಲೊಂದು ಮುಗಿಬೀಳುತ್ತವೆ, ಮೊದಲು ಯಾವುದು, ಆಮೇಲೆ ಯಾವುದು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಡಿನ ಬಿಪಿಎಂ ಅನ್ನು ಎಕ್ಸ್‌ನಿಂದ ಗುಣಿಸಿದರೆ ನಿಜವಾದ ಓದುವ ವೇಗ ಸಿಗುತ್ತದೆ. 150ರ ಹಾಡಿಗೆ 2ಎಕ್ಸ್ ಅಂದರೆ 300. 120ರ ಹಾಡಿಗೆ 2.5ಎಕ್ಸ್, ಅದೂ 300. ಅಲ್ಲಿಂದ ಶುರು ಮಾಡಿ, ಎರಡು ವಾರಕ್ಕೊಮ್ಮೆ ಇಪ್ಪತ್ತೈದೋ ಐವತ್ತೋ ಏರಿಸಿ. ಪ್ರತಿ ಹಾಡಿಗೂ ಗುಣಿಸಲು ಬೇಜಾರಾದರೆ ಎಂ-ಮೋಡ್‌ನಲ್ಲಿ 300 ಅಂತ ಇಡಿ, ಅದೇ ಹೊಂದಿಸಿಕೊಳ್ಳುತ್ತದೆ. ವೇಗ ಏರಿಸಿದರೆ ಹಾಡು ಓಡುವುದಿಲ್ಲ, ಬಾಣಗಳ ನಡುವಿನ ಅಂತರ ಮಾತ್ರ ಹಿಗ್ಗುತ್ತದೆ. ಬಾಣದ ಬಣ್ಣವನ್ನೂ ಗಮನಿಸಿ. ಮಾಮೂಲಿ ನೋಟ್‌ಸ್ಕಿನ್‌ನಲ್ಲಿ (ಬಾಣಗಳ ವೇಷದಲ್ಲಿ) ಕೆಂಪು ಬಂದರೆ ಸರಿಯಾಗಿ ಮಾತ್ರೆಯ ಮೇಲೆ, ನೀಲಿ ಬಂದರೆ ಎರಡು ಮಾತ್ರೆಗಳ ನಡುವೆ. ಆಯ್ಕೆಗಳಲ್ಲಿ ಫೇಲ್ ಆಫ್ ಮಾಡಿ. ಅರ್ಧಕ್ಕೆ ಹಾಡು ನಿಂತುಬಿಟ್ಟರೆ ಅದರ ಉಳಿದರ್ಧ ಕಲಿಯುವುದು ಯಾವಾಗ?

ಬ್ಲೂಟೂತ್ ಸ್ಪೀಕರ್ ಹಚ್ಚಿದ್ದೀರಾ? ಹಚ್ಚಿದ್ದರೆ ನಿಮ್ಮ ‘ಲಯ ಇಲ್ಲ’ ಅನ್ನುವುದರ ಅರ್ಧ ಪಾಲು ಅದರದ್ದೇ. ಬ್ಲೂಟೂತ್‌ನಲ್ಲಿ ದನಿ ನೂರು-ಇನ್ನೂರು ಮಿಲಿಸೆಕೆಂಡು ತಡವಾಗಿ ಬರುವುದು ಮಾಮೂಲು. ಸ್ಟೆಪ್‌ಮೇನಿಯಾದ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಪರ್ಫೆಕ್ಟ್ ಅನ್ನಿಸಿಕೊಳ್ಳಲು ಆಚೀಚೆ 45 ಮಿಲಿಸೆಕೆಂಡು, ಗ್ರೇಟ್‌ಗೆ 90, ಗುಡ್‌ಗೆ 135. ಕಿವಿಗೆ ಬಿದ್ದ ಲಯಕ್ಕೆ ನೀವು ಪಕ್ಕಾ ಹೆಜ್ಜೆ ಇಟ್ಟರೂ ಗೇಮಿನ ಪ್ರಕಾರ ಬಸ್ಸು ಹೋಗಿರುತ್ತದೆ. ತಂತಿಯ ಸ್ಪೀಕರ್ ಹಾಕಿ. ಟಿವಿಗೆ ಜೋಡಿಸಿದ್ದರೆ ಗೇಮ್ ಮೋಡ್ ಆನ್ ಮಾಡಿ. ನಂತರ ಹಾಡು ನಡೆಯುವಾಗ ಎಫ್ 7 ಒತ್ತಿದರೆ ಪ್ರತಿ ಬಾಣಕ್ಕೂ ಒಂದು ಚಪ್ಪಾಳೆ ಕೇಳುತ್ತದೆ. ಬಾಣ ಗೆರೆ ದಾಟಿ ಹೋದ ಮೇಲೆ ಚಪ್ಪಾಳೆ ಕೇಳಿದರೆ ದನಿ ಹಿಂದೆ ಬಿದ್ದಿದೆ ಅಂತ ಅರ್ಥ. ಎಫ್ 6 ಒತ್ತುತ್ತಾ ಹೋಗಿ ಮೆಷಿನ್ ಅಂತ ಬಂದಾಗ ಬಿಟ್ಟು, ಕೀಬೋರ್ಡ್ ಮೇಲೆ ಬೆರಳಿನಿಂದ ಒಂದು ಸುಲಭದ ಹಾಡು ಆಡಿ. ನಿಮ್ಮ ಬೆರಳಿನ ಸರಾಸರಿ ಹಿಡಿದು ಅದೇ ಸರಿಪಡಿಸಿಕೊಂಡು, ಉಳಿಸಲೇ ಅಂತ ಕೇಳುತ್ತದೆ. ಇದನ್ನು ಕಾಲಿನಿಂದ ಮಾಡಬೇಡಿ. ಕಲಿಯುವವನ ಕಾಲಿನ ಸರಾಸರಿ ನಂಬುವ ಹಾಗಿರುವುದಿಲ್ಲ. ಬೆರಳಿನಿಂದ ಆ ಹಾಡು ಚೆನ್ನಾಗಿ ಬಂದರೆ, ಅಲ್ಲಿಗೆ ಲಯದ ಪ್ರಶ್ನೆಯೂ ಮುಗಿಯಿತು.

ಮ್ಯಾಟ್ ಬದಲಿಸುವ ಮೊದಲು ಇದ್ದದ್ದನ್ನೇ ಪರೀಕ್ಷಿಸಿ. ಆಯ್ಕೆಗಳಲ್ಲಿ ಟೆಸ್ಟ್ ಇನ್‌ಪುಟ್ ತೆರೆದು ಎಡ-ಬಲ ಎರಡನ್ನೂ ಒಟ್ಟಿಗೆ ತುಳಿಯಿರಿ, ಆಮೇಲೆ ಮೇಲೆ-ಕೆಳಗೆ. ಎರಡೂ ಕಾಣಿಸಬೇಕು. ಮ್ಯಾಟನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಅಗ್ಗದ ಕೆಲವು ಅಡಾಪ್ಟರುಗಳು ನಾಲ್ಕು ಬಾಣಗಳನ್ನು ಜಾಯ್‌ಸ್ಟಿಕ್‌ನ ಕಡ್ಡಿಯಂತೆ ಓದುತ್ತವೆ. ಕಡ್ಡಿ ಒಮ್ಮೆಗೇ ಎಡಕ್ಕೂ ಬಲಕ್ಕೂ ವಾಲಲಾರದಲ್ಲ, ಹಾಗಾಗಿ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಜೋಡಿ ಬಾಣ ಬಂದಾಗಲೆಲ್ಲ ನೀವು ಸರಿಯಾಗಿ ಜಿಗಿದರೂ ಮಿಸ್ ಅಂತಲೇ ಬರುತ್ತದೆ. ಅಂಥದ್ದಾದರೆ ಬಾಣಗಳನ್ನು ಬಿಡಿ ಗುಂಡಿಗಳಾಗಿ ಓದುವ ಅಡಾಪ್ಟರ್ ಬೇಕು, ಹೊಸ ಮ್ಯಾಟ್ ಬೇಕಿಲ್ಲ.

ಪ್ಲಾಸ್ಟಿಕ್ ಮ್ಯಾಟಿನ ಇನ್ನೊಂದು ಕಾಟ ಟೈಲ್ಸ್ ಮೇಲೆ ಜಾರುವುದು. ನೆಲ ನೋಡದೆ ಆಡಬೇಕಾದ ಆಟದಲ್ಲಿ ಮ್ಯಾಟೇ ನಾಲ್ಕು ಬೆರಳು ಸರಿದರೆ ಮುಗಿಯಿತು. ಮೂರಡಿ ಚೌಕದ 12 ಮಿಲಿಮೀಟರ್ ಪ್ಲೈವುಡ್ ಕತ್ತರಿಸಿಸಿ (ಎಂಟು-ನಾಲ್ಕರ ಇಡೀ ಹಲಗೆ ಕೊಳ್ಳಬೇಡಿ, ಪ್ಲೈವುಡ್ ಅಂಗಡಿಯಲ್ಲಿ ಉಳಿಕೆ ತುಂಡು ಕೇಳಿ), ಮ್ಯಾಟನ್ನು ಅಂಚಿನುದ್ದಕ್ಕೂ ಟೇಪಿನಿಂದ ಬಿಗಿಯಾಗಿ ಅಂಟಿಸಿ, ಹಲಗೆಯ ಅಡಿಗೆ ರಬ್ಬರ್ ಹಾಸು ಹಾಕಿ. ಕೆಳಗಿನ ಮನೆಯವರ ಸೂರಿಗೂ ಅದು ಒಳ್ಳೆಯದು. ಬರಿಗಾಲು ಇಲ್ಲವೇ ಸಾಕ್ಸ್, ಶೂ ಬೇಡ. ಒಳಗೆ ಎರಡು ವಾಹಕ ಹಾಳೆಗಳ ನಡುವೆ ತೂತಿನ ಫೋಮ್ ಇರುತ್ತದೆ. ಶೂವಿನ ಅಂಚು ತಾಗಿ ಹಾಳೆ ಮಡಿಕೆ ಬಿದ್ದರೆ ಆ ಬಾಣ ಒಮ್ಮೆ ಒತ್ತುತ್ತದೆ, ಒಮ್ಮೆ ಇಲ್ಲ. ಎತ್ತಿಡುವಾಗಲೂ ಮಡಚಬೇಡಿ, ಚಾಪೆಯ ಹಾಗೆ ಸುತ್ತಿ. ಧಾರವಾಡದ ಮಳೆಗಾಲದಲ್ಲಿ ನೆಲವೇ ಬೆವರುತ್ತದೆ, ಆಗ ಹಲಗೆಯ ಅಡಿ ಒರೆಸಿ ಹಾಕಬೇಕು. ಲೋಹದ ಮ್ಯಾಟಿನ ಮಾತು, ದುಗುನ್ ಹಾಡುಗಳನ್ನು ನೀವು ಕೊನೆತನಕ ತುಳಿಯುವ ದಿನ ಬಂದಾಗ.

ಡಾನ್ಸ್ ಕ್ಲಾಸ್ ಬಗ್ಗೆ ಎರಡೇ ಮಾತು. ಅಲ್ಲಿ ಕೈ, ಕುತ್ತಿಗೆ, ಮುಖಭಾವ ಎಲ್ಲ ಕಲಿಸುತ್ತಾರೆ, ಕಲಿಯಿರಿ, ಸಂತೋಷ. ಈ ಆಟಕ್ಕೆ ಗೊತ್ತಿರುವುದು ನಾಲ್ಕು ಸ್ವಿಚ್ಚುಗಳು ಮಾತ್ರ, ನೀವು ಬಾಯಲ್ಲಿ ಪೇಡೆ ಇಟ್ಟುಕೊಂಡು ಜೇಬಿನಲ್ಲಿ ಕೈ ಹಾಕಿ ಆಡಿದರೂ ಅದಕ್ಕೆ ತಿಳಿಯುವುದಿಲ್ಲ.

ಒಂದೇ ಹಾಡಿಗೆ ಗಂಟು ಬೀಳಬೇಡಿ. ಹಂತ ಏರಿಸುವ ಮೊದಲು ಅದೇ ಹಂತದ ಇಪ್ಪತ್ತು ಬೇರೆ ಬೇರೆ ಹಾಡು ಆಡಿ. ಒಂದನ್ನು ಬಾಯಿಪಾಠ ಮಾಡಿದರೆ ಓದು ಬರುವುದಿಲ್ಲ. ಮೂರು ಹಾಡಿಗೊಮ್ಮೆ ಕೂತು ನೀರು ಕುಡಿಯಿರಿ. ಹಂತದ ಅಂಕಿಗಳನ್ನೂ ಪೂರ್ತಿ ನಂಬಬೇಡಿ. 1998ರಲ್ಲಿ ಜಪಾನಿನ ಕೊನಾಮಿ ಕಂಪನಿ ಡಾನ್ಸ್ ಡಾನ್ಸ್ ರೆವಲ್ಯೂಷನ್ (ಡಿಡಿಆರ್) ಅಂತ ಈ ಬಗೆಯ ಆಟವನ್ನು ಶುರು ಮಾಡಿದ ಕಾಲದ ಹಾಡುಗಳು 10ರೊಳಗಿನ ಅಳತೆಯವು, 2008ರ ಡಿಡಿಆರ್ ಎಕ್ಸ್‌ನಿಂದ 20ರ ಅಳತೆ ಬಂತು. ಇಳಿಸಿಕೊಂಡ ಹಾಡುಗಳಲ್ಲಿ ಎರಡೂ ಬೆರೆತಿರುತ್ತವೆ, ಹಳೆಯ 6ಕ್ಕೂ ಹೊಸ 6ಕ್ಕೂ ಸಂಬಂಧವಿಲ್ಲ.

ಮಾಲ್‌ನ ಗೇಮ್ ಝೋನ್‌ಗೆ ಹೋಗಿ ಅಳತೆ ನೋಡಿಕೊಳ್ಳುವ ಆಸೆ ನಿಮಗೂ ಬರುತ್ತದೆ. ಹೋಗಿ, ಹಿಂದಿನ ಕಂಬಿ ಹಿಡಿದೇ ಆಡಿ, ಅದು ಮೋಸವಲ್ಲ. ಆದರೆ ದುಡ್ಡು ಹಾಕುವ ಮೊದಲು ತುಳಿಯುವ ಮನೆಗಳನ್ನು ಎಣಿಸಿ. ಐದು ಇದ್ದರೆ ಅದು ಕೊರಿಯಾದ ಪಂಪ್ ಇಟ್ ಅಪ್ ಅನ್ನುವ ಬೇರೆ ಆಟ, ಬಾಣಗಳು ನಾಲ್ಕು ಮೂಲೆಗಳಲ್ಲಿರುತ್ತವೆ. ಐದನೆಯದು ಎಲ್ಲಿದೆ ಅಂತೀರಿ? ನಟ್ಟನಡುವೆ. ಅದನ್ನು ತುಳಿಯಲೇಬೇಕು. ನಾರಿನ ತುಂಡಿಗೆ ಹೆದರಿ ಪಳಗಿದ ನನ್ನ ಕಾಲು ಅಲ್ಲಿ ಮೊದಲ ಹಾಡು ಪೂರ್ತಿ ನಡುವಿನ ಹಳದಿ ಮನೆಯನ್ನು ಬಳಸಿಕೊಂಡು ಓಡಾಡಿತು.