ಪ್ರತಿಕ್ರಿಯೆ: ಎರಡನೇ ದಿನ ಟೈಮ್ ಬಿದ್ದದ್ದು ಕ್ಲಚ್‌ನಿಂದ ಇರಬಹುದು

ಡ್ರ್ಯಾಗ್ ರೇಸಿನಲ್ಲಿ (ನೇರ ಟ್ರ್ಯಾಕ್‌ನ ವೇಗದ ಓಟ) ಮೊದಲ ದಿನ 402 ಮೀಟರ್ ಚೆನ್ನಾಗಿ ಓಡಿದ ಟರ್ಬೊ ಮ್ಯಾನುವಲ್ ಕಾರು, ಎರಡನೇ ದಿನ ಮೂರನೇ ಗೇರಿನಲ್ಲಿ ಆರ್‌ಪಿಎಂ (ಇಂಜಿನ್ ತಿರುಗುವ ವೇಗ) ಏರಿದರೂ ವೇಗ ಏರಲಿಲ್ಲ ಅಂದಿದ್ದೀರಿ. ಹೆಚ್ಚಾಗಿ ಕ್ಲಚ್ ಜಾರುತ್ತಿದೆ, ಅಂದರೆ ಇಂಜಿನ್ನಿನ ಬಲ ಚಕ್ರಕ್ಕೆ ಪೂರ್ತಿ ಹೋಗುತ್ತಿಲ್ಲ. ಬರೀ ಇಂಜಿನ್ ಬಿಸಿಯಾಗಿದ್ದರೆ ಆರ್‌ಪಿಎಂ ಕೂಡ ನಿಧಾನಕ್ಕೇ ಏರುತ್ತಿತ್ತು. ಕಾರು ನೋಡದೆ ಇದಕ್ಕಿಂತ ಖಚಿತವಾಗಿ ಹೇಳಲಾರೆ.

ಕುಂಬಳೆಯಿಂದ ಸೀತಾಂಗೋಳಿ ಕಡೆಯ ಏರಿನಲ್ಲಿ, ವಾಹನ ಇಲ್ಲದ ಹೊತ್ತು, ನಾಲ್ಕನೇ ಗೇರಿನಲ್ಲಿ 45ರ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮಾತ್ರ ಹಾರಿದರೆ ಜಾರುವುದು ಹೌದು. ಒಮ್ಮೆ ಸಾಕು, ಸುಮ್ನೆ ಮತ್ತೆ ಮತ್ತೆ ಸುಡಬೇಡಿ. ಜಾರದಿದ್ದರೆ ಒಬಿಡಿ ರೀಡರ್ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಸಾಧನ) ಹಾಕಿ ಇಂಜಿನ್ನಿಗೆ ಹೋಗುವ ಗಾಳಿಯ ಬಿಸಿ ನೋಡಿ.

ಜಾರಿದರೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ. ಗೇರ್‌ಬಾಕ್ಸ್ ಇಳಿಸಿದಾಗ ಫ್ಲೈವೀಲ್‌ನಲ್ಲಿ (ಕ್ಲಚ್ ಪ್ಲೇಟ್ ಒತ್ತಿ ಕೂರುವ ಇಂಜಿನ್ ಚಕ್ರ) ಬಿಸಿಯಿಂದಾದ ನೀಲಿ ಕಲೆ ಇದೆಯಾ, ಕ್ರ್ಯಾಂಕ್ ಸೀಲ್‌ನಿಂದ ಆಯಿಲ್ ಒಸರುತ್ತಿದೆಯಾ ನೋಡಲು ಮೆಕ್ಯಾನಿಕ್‌ಗೆ ಹೇಳಿ. ಆಯಿಲ್ ತಾಗಿದರೆ ಹೊಸ ಪ್ಲೇಟೂ ಜಾರುತ್ತದೆ. ಆಮೇಲೆ ಕೆಲವು ನೂರು ಕಿಲೋಮೀಟರ್ ಕಾಸರಗೋಡು, ಮಂಗಳೂರು ಪೇಟೆಯೊಳಗೇ ಓಡಿಸಿ. ಹೈವೇ ಓಟದಲ್ಲಿ ಗೇರ್ ಬದಲಾವಣೆ ಕಡಿಮೆ, ಪ್ಲೇಟ್ ಹೊಂದಿಕೊಳ್ಳುವುದಿಲ್ಲ.

ಟ್ರ್ಯಾಕ್‌ನಲ್ಲಿ ಕ್ಲಚ್ ಜಾಸ್ತಿ ಹಾಳಾಗುವುದು ಓಟದಲ್ಲಲ್ಲ, ಕ್ಯೂನಲ್ಲಿ ಹಾಫ್ ಕ್ಲಚ್ (ಪೆಡಲ್ ಅರ್ಧ ಒತ್ತಿ) ಹಿಡಿದು. ನ್ಯೂಟ್ರಲ್‌ಗೆ ಹಾಕಿ, ಗೆಳೆಯರಿಂದ ತಳ್ಳಿಸಿ. ರಸ್ತೆ ಟೈರಾದರೆ ಬರ್ನೌಟ್ ನೀರನ್ನು (ಓಟಕ್ಕೆ ಮೊದಲು ಟೈರ್ ತಿರುಗಿಸಿ ಬಿಸಿ ಮಾಡಲು ಟ್ರ್ಯಾಕ್‌ನಲ್ಲಿ ಹಾಕಿದ ನೀರು) ತಪ್ಪಿಸಿ ಪಕ್ಕದಿಂದ ಹೋಗಿ.

ಅದೇ ಕಾರಿನಲ್ಲಿ ಊರಿಗೆ ಬರಬೇಕಲ್ವಾ? 2005ರಲ್ಲಿ ಶುರುವಾದ ಅಮೆರಿಕದ ಡ್ರ್ಯಾಗ್ ವೀಕ್‌ನಲ್ಲಿ (ರೇಸ್ ಕಾರನ್ನೇ ರಸ್ತೆಯಲ್ಲಿ ಓಡಿಸುತ್ತ ಟ್ರ್ಯಾಕ್‌ನಿಂದ ಟ್ರ್ಯಾಕ್‌ಗೆ ಹೋಗುವ ಸ್ಪರ್ಧೆ) ಸಹಾಯದ ವಾಹನವೇ ಇಲ್ಲ, ಸ್ಪೇರ್ ಎಲ್ಲ ರೇಸ್ ಕಾರೇ ಹೊರಬೇಕು. ನೀವೂ ಆಯಿಲ್, ಕೂಲಂಟ್, ಟಾರ್ಕ್ ರೆಂಚ್ ಡಿಕ್ಕಿಯಲ್ಲಿಡಿ. ಹೊರಡುವ ಮೊದಲು ವೀಲ್ ನಟ್ ಬಿಗಿ ಮಾಡಿ, ಟೈರ್ ಗಾಳಿ ಮಾಮೂಲಿ ಮಟ್ಟಕ್ಕೆ ತನ್ನಿ.