ಫೈಲ್ ನನ್ನದು, ಹೆಸರು ಮಾತ್ರ ಬೇರೆಯವರದು

ಪ್ರಶ್ನೆ: ಎರಡು ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಒಂದೇ ಎನ್‌ಎಫ್‌ಎಸ್ ಫೋಲ್ಡರ್ (ಸರ್ವರ್‌ನಲ್ಲಿದ್ದು ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಫೋಲ್ಡರ್) ಮೌಂಟ್ ಮಾಡಿದ್ದೇನೆ, ಅಂದರೆ ಜೋಡಿಸಿಕೊಂಡಿದ್ದೇನೆ. ಲಾಗಿನ್ ಹೆಸರು ಎರಡರಲ್ಲೂ ಒಂದೇ. ಆದರೂ ಒಂದರಲ್ಲಿ ಬರೆದ ಫೈಲ್ ಇನ್ನೊಂದರಲ್ಲಿ ಬೇರೆಯವರ ಹೆಸರಲ್ಲಿ ಕಾಣುತ್ತದೆ. ಯಾಕೆ?

ಉತ್ತರ: ಇಲ್ಲಿ ಲೆಕ್ಕಕ್ಕೆ ಬರುವುದು ಹೆಸರಲ್ಲ, ನಂಬರ್. ಎರಡೂ ಕಡೆ ‘ಐಡಿ’ ಕಮಾಂಡ್ ಕೊಟ್ಟು ನೋಡಿ. ಒಂದರಲ್ಲಿ ನಿಮ್ಮ ಯುಐಡಿ (ಬಳಕೆದಾರರ ನಂಬರ್) 1000, ಇನ್ನೊಂದರಲ್ಲಿ 1001 ಇರಬಹುದು. ಎರಡನ್ನೂ ಒಂದೇ ಮಾಡಿ. ಹಳೆಯ ಫೈಲ್‌ಗಳ ಒಡೆತನ ಬದಲಿಸುವುದನ್ನು ಮರೀಬೇಡಿ.

ನನ್ನ ಚಿಂತೆ ಮಾತ್ರ ಬೇರೆ. ಎನ್‌ಎಫ್‌ಎಸ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಕ್ಲೈಂಟ್ (ಫೋಲ್ಡರ್ ಮೌಂಟ್ ಮಾಡಿದ ಕಂಪ್ಯೂಟರ್) ಹೇಳಿದ ನಂಬರನ್ನು ಸರ್ವರ್ ಸುಮ್ನೆ ನಂಬಿಬಿಡುತ್ತದೆ. ಪಾಸ್‌ವರ್ಡ್ ಕೇಳುವುದೇ ಇಲ್ಲ. ಮೌಂಟ್ ಮಾಡಲು ಅನುಮತಿ ಇರುವ ಯಾವುದೋ ಲ್ಯಾಪ್‌ಟಾಪ್‌ನಲ್ಲಿ ಒಬ್ಬರಿಗೆ ರೂಟ್ ಅಧಿಕಾರ, ಅಂದರೆ ಆ ಕಂಪ್ಯೂಟರಿನ ಪೂರ್ಣ ಅಧಿಕಾರ, ಇದೆ ಅಂದುಕೊಳ್ಳಿ. ಅವರು ನಿಮ್ಮದೇ ಯುಐಡಿ ಹಾಕಿ ಒಂದು ಖಾತೆ ತೆರೆದರೆ ಸಾಕು, ನಿಮ್ಮ ಫೈಲೆಲ್ಲ ಅವರ ಕೈಗೆ ಸಿಕ್ಕ ಹಾಗೇ ಅಲ್ವಾ? ಸರ್ವರ್‌ನಲ್ಲಿ ‘ರೂಟ್ ಸ್ಕ್ವಾಷ್’ ಎಂಬ ಸೆಟ್ಟಿಂಗ್ ಇದೆಯಲ್ಲ ಎಂದು ಹಲವರು ನಿಶ್ಚಿಂತೆಯಿಂದ ಇರುತ್ತಾರೆ. ಅದು ರೂಟ್ ಅನ್ನು ಮಾತ್ರ ತಡೆಯುತ್ತದೆ, ಇಂಥ ವೇಷವನ್ನಲ್ಲ.

ಹಲವರು ಬಳಸುವ ನೆಟ್‌ವರ್ಕ್ ಆದರೆ ದಯವಿಟ್ಟು ಕರ್ಬರೋಸ್ (ಬಳಕೆದಾರರ ಗುರುತು ಖಚಿತಪಡಿಸುವ ವ್ಯವಸ್ಥೆ) ಹಾಕಿ. ಆಗ ಪ್ರತಿ ಬಳಕೆದಾರರೂ ಅದು ಕೊಟ್ಟ ಟಿಕೆಟ್ (ಗುರುತಿನ ಡಿಜಿಟಲ್ ಚೀಟಿ) ತೋರಿಸಬೇಕು. ಇದರಲ್ಲಿ ‘ಕೆಆರ್‌ಬಿ5’ ಎಂಬ ಆಯ್ಕೆ ಗುರುತನ್ನಷ್ಟೇ ಪರೀಕ್ಷಿಸುತ್ತದೆ. ‘ಕೆಆರ್‌ಬಿ5ಪಿ’ ಡೇಟಾವನ್ನೂ ಎನ್‌ಕ್ರಿಪ್ಟ್ ಮಾಡುತ್ತದೆ, ಸ್ವಲ್ಪ ನಿಧಾನ. ಮೊದಲು ಎಲ್ಲ ಕಂಪ್ಯೂಟರ್‌ಗಳ ಗಡಿಯಾರ ಸರಿಮಾಡಿ. ಸಾಮಾನ್ಯವಾಗಿ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಟಿಕೆಟ್ ನಡೆಯುವುದಿಲ್ಲ.